ಮೊಣಕೈ ಮುಟ್ಟಿದರೆ ಎಡಕ್ಕೆ

ಪರ ಊರಿಗೆ ಹೋದರೆ ಗೆಲ್ಲುವುದು, ತನ್ನೂರಿನ ಮಣ್ಣಿನಲ್ಲಿ ಆಡಿದರೆ ಸೋಲುವುದು. ಇಂಥ ತಂಡವನ್ನು ಎಲ್ಲಾದರೂ ಕಂಡಿದ್ದೀರಾ? ಶಹಾಬಾದದವರು ಕಂಡರು. ಅದೂ ಎಂಥ ತಂಡ ಅಂತೀರಿ! ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಐದೂ ಊರು ಸೇರಿ ಕಾಗಿಣಾ ವಾಲಿಬಾಲ್ ಲೀಗ್ ಕಟ್ಟಿ, ಆಟಗಾರರಿಗೆ ಪಗಾರ ಗೊತ್ತುಮಾಡಿ, ಬಣ್ಣದ ಅಂಗಿ ಹೊಲಿಸಿದಾಗ ಕಪ್ ಯಾರದು ಎಂದು ಯಾವ ಚಹಾದಂಗಡಿಯಲ್ಲಿ ಕೇಳಿದರೂ ಜನ ಕಣ್ಣು ಮುಚ್ಚಿಕೊಂಡು ಶಹಾಬಾದದ ಹೆಸರು ಹೇಳುತ್ತಿದ್ದರು. ಫೈನಲ್ ಪಂದ್ಯವನ್ನು ಶಹಾಬಾದದಲ್ಲೇ ಇಟ್ಟುಬಿಟ್ಟಿದ್ದರು. ಹೇಗೂ ಇವರೇ ಬರುವವರಲ್ಲವೇ, ಮತ್ತೆ ಯಾಕೆ ತಿರುಗಾಟ ಎಂದು.

ಆ ತಂಡದ ಉಸ್ತಾದ ದೇವಿಂದ್ರಪ್ಪ. ಇಪ್ಪತ್ತೆರಡು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷೀನಿನ ಮುಂದೆ ನಿಂತ ಆಳು. ಹಗಲು ಕಲ್ಲು ಕೊಯ್ದು ಸಂಜೆ ಹುಡುಗರಿಗೆ ವಾಲಿಬಾಲ್ ಕಲಿಸುತ್ತಿದ್ದ. ಅವನು ಕಲಿಸಿದ ಹುಡುಗರು ಜಿಲ್ಲೆಗೆ ಆಡಿದರು, ರೈಲ್ವೆಗೆ ಸೇರಿದರು. ತಂಡದ ಮಾಲಕ ಅಶೋಕಕುಮಾರ ತನ್ನ ಕಲ್ಲು ಕೊಯ್ಯುವ ಶೆಡ್ಡಿನಿಂದಲೇ ಅವನನ್ನು ಎಬ್ಬಿಸಿಕೊಂಡು ಹೋಗಿ ಕುತ್ತಿಗೆಗೆ ಸೀಟಿ ಹಾಕಿದ. ಅಂದಿನಿಂದ ದೇವಿಂದ್ರಪ್ಪನ ಎದೆ ಎರಡು ಗೇಣು ಅಗಲವಾಯಿತು.

ಅವನ ಒಂದು ಗುಟ್ಟು ಮಾತ್ರ ಮಾಲಕನಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಮಷೀನು ಅವನ ಕಿವಿಯನ್ನು ತಿಂದುಹಾಕಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ನಾಲ್ಕು ಜನ ಕೂಡಿ ಮಾತಾಡಿದರೆ ಅವನಿಗೆ ಅದೆಲ್ಲ ಒಂದೇ ಗುಂಯ್ ಎನ್ನುವ ಸದ್ದು. ಇದು ಹೊರಬಿದ್ದರೆ ಕಲಬುರಗಿಯಿಂದ ಪ್ಯಾಂಟು ಇಸ್ತ್ರಿ ಮಾಡಿಕೊಂಡ ಬೇರೆ ಯಾರನ್ನಾದರೂ ತರುತ್ತಾರೆಂದು ಅವನಿಗೆ ಭಯ. ಅದಕ್ಕೇ ಯಾರು ಏನು ಹೇಳಿದರೂ ಗಂಭೀರವಾಗಿ ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡಿದ್ದ. ಜನ ಅದನ್ನೇ ದೊಡ್ಡಸ್ತಿಕೆ ಎಂದುಕೊಂಡರು.

ಆಟದಲ್ಲಿ ಅವನು ನಂಬಿದ್ದು ಕೈಸನ್ನೆಯನ್ನು. ಶೆಡ್ಡಿನಲ್ಲಿ ಮಷೀನು ಓಡುವಾಗ ಯಾರ ಮಾತೂ ಯಾರಿಗೂ ಕೇಳಿಸದು, ಹೀಗಾಗಿ ಅಲ್ಲಿನವರೆಲ್ಲ ಸನ್ನೆಯಲ್ಲೇ ಸಂಸಾರ ಮಾಡುವವರು. ಮೊಣಕೈ ಮುಟ್ಟಿಕೊಂಡರೆ ಕಲ್ಲು ಎಡಕ್ಕೆ ಸರಿಸು, ಹಣೆ ಒರೆಸಿಕೊಂಡರೆ ಬಲಕ್ಕೆ, ಕಿವಿಯ ತುದಿ ಹಿಡಿದರೆ ಮಷೀನು ಬಂದ್ ಮಾಡು, ಇನ್ನು ಸಾಕು. ಇವನ್ನೇ ದೇವಿಂದ್ರಪ್ಪ ತಂಡಕ್ಕೆ ತಂದ. ಚೆಂಡನ್ನು ನೆಟ್ಟಿನ ಮೇಲೆ ಎತ್ತಿಕೊಡುವ ಲಿಫ್ಟರ್ ಕಪಿಲ ಪ್ರತಿ ಸಲ ಉಸ್ತಾದನ ಕಡೆ ನೋಡಬೇಕು. ಮೊಣಕೈ ಮುಟ್ಟಿದರೆ ಎಡಗಡೆಯ ಜಿಲಾನಿಗೆ, ಹಣೆ ಒರೆಸಿದರೆ ಬಲಗಡೆಯ ದತ್ತುಗೆ ಎತ್ತಬೇಕು. ಎದುರಾಳಿಗೆ ಯಾವ ಕಡೆಯಿಂದ ಏಟು ಬರುತ್ತದೆಂದು ಕೊನೆಯ ಗಳಿಗೆಯವರೆಗೂ ತಿಳಿಯದು. ಪರ ಊರುಗಳಲ್ಲಿ ಈ ಉಪಾಯ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ನಡೆಯಿತು.

ಶಹಾಬಾದದಲ್ಲಿ ನಡೆಯಲಿಲ್ಲ. ಮೊದಲ ಪಂದ್ಯ ವಾಡಿಯ ಮೇಲೆ. ಜಿಲಾನಿ ಹಾರುವ ಮೊದಲೇ ವಾಡಿಯವರ ಮೂರು ಜೋಡಿ ಕೈ ಅವನ ಮುಂದೆ ಗೋಡೆಯಾಗಿ ನಿಂತಿರುತ್ತಿದ್ದವು. ದತ್ತುಗೆ ಎತ್ತಿದರೆ ಗೋಡೆ ಅಲ್ಲಿ. ಮೂರೂ ಸೆಟ್ ಹೋದವು. ಸನ್ನೆ ಯಾರೋ ಹೇಳಿಬಿಟ್ಟಿದ್ದಾರೆ ಎಂದು ದೇವಿಂದ್ರಪ್ಪನಿಗೆ ಅವತ್ತೇ ಖಾತ್ರಿಯಾಯಿತು. ಯಾರು? ತಂಡದಲ್ಲಿ ವಾಡಿಯ ಹುಡುಗ ಒಬ್ಬನೇ, ಕಪಿಲ.

ಸಂಶಯ ಎಂಬುದು ಹೊಟ್ಟೆಗೆ ಇಳಿಯುವವರೆಗೆ ಮಾತ್ರ ತಡ. ಆಮೇಲೆ ಅದು ಸಿಕ್ಕಿದ್ದನ್ನೆಲ್ಲ ತಿಂದು ಕೊಬ್ಬುತ್ತದೆ. ಕಪಿಲ ಫೋನ್ ಹಿಡಿದು ಮೂಲೆಗೆ ಹೋದರೆ ದೇವಿಂದ್ರಪ್ಪ ಅವನ ತುಟಿ ಕಾಣುವ ಜಾಗಕ್ಕೆ ಸರಿಯುತ್ತಿದ್ದ. ಹುಡುಗ ನಕ್ಕರೆ ಯಾಕೆ ನಕ್ಕ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾನೆ. ಚಿತ್ತಾಪುರಕ್ಕೆ ಹೋಗಿ ಗೆದ್ದು ಬಂದರು. ನಮಗೆ ಸಂಶಯ ಬಾರದಿರಲೆಂದು ಗೆಲ್ಲಿಸಿದ್ದಾನೆ ಎಂದುಕೊಂಡ. ಅದೇ ಚಿತ್ತಾಪುರದವರು ಶಹಾಬಾದಕ್ಕೆ ಬಂದು ಇವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿ ಹೋದರು. ಅವತ್ತು ಪಂದ್ಯ ಮುಗಿದ ಮೇಲೆ ಕಪಿಲ ಬಸ್ ಸ್ಟ್ಯಾಂಡಿನ ಬಳಿ ಚಿತ್ತಾಪುರದ ಆಟಗಾರ ತಾರೀಕನ ಜೊತೆ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದದ್ದನ್ನು ದೇವಿಂದ್ರಪ್ಪ ತನ್ನ ಕಣ್ಣಾರೆ ನೋಡಿದ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರೆಂದು ಜಿಲಾನಿ ಹೇಳಿದ. ಹೇಳಲಿ, ಕಳ್ಳರಿಗೂ ಕಾಲೇಜು ಇರುತ್ತದೆ ಎಂದು ದೇವಿಂದ್ರಪ್ಪ ಮೂಗು ಮುರಿದ.

ಮಾರನೆಯ ದಿನ ಕಪಿಲನೇ ಅವನ ಬಳಿ ಬಂದು ಎದುರಿಗೆ ನಿಂತ. "ಉಸ್ತಾದ್ರೆ, ಇಲ್ಲಿ ಶಹಾಬಾದದಾಗ ಆಡೋವಾಗ ಸನ್ನಿ ಬದ್ಲಿ ಮಾಡ್ರಿ. ಇಲ್ಲಂದ್ರ ಸನ್ನಿನೇ ಬ್ಯಾಡ, ನಾನೇ ನೋಡಿ ಎತ್ತತೀನಿ."

ದೇವಿಂದ್ರಪ್ಪನ ಮೈಯೆಲ್ಲ ಉರಿದುಹೋಯಿತು. ತನ್ನ ಶೆಡ್ಡಿನ ಸನ್ನೆಯನ್ನೇ ಬೇಡ ಎನ್ನುವಷ್ಟು ಧೈರ್ಯ ಈ ಹುಡುಗನಿಗೆ. ಲಗಾಮು ತನ್ನ ಕೈಗೆ ಬೇಕು, ಆಗ ಬೇಕಾದ ಹಾಗೆ ಸೋಲಿಸಬಹುದು, ಇದೇ ಅಲ್ಲವೇ ಹೂಟ? ಮುಖದ ಮೇಲೆ ಏನೂ ತೋರಿಸದೆ, ಎಂದಿನಂತೆ ತಲೆಯಾಡಿಸಿ ಕಳಿಸಿದ. ಸನ್ನೆ ಮಾತ್ರ ಬದಲಿಸಲಿಲ್ಲ.

ಅಲ್ಲಿಂದ ಮುಂದೆ ಅವನು ಆಟ ನೋಡುವುದನ್ನೇ ಬಿಟ್ಟ, ಕಪಿಲನನ್ನು ನೋಡತೊಡಗಿದ. ವಾಡಿಯಲ್ಲಿ ಗೆದ್ದರು, ಸೇಡಂನಲ್ಲಿ ಗೆದ್ದರು. ಸೇಡಂನವರು ತಿರುಗಿ ಶಹಾಬಾದಕ್ಕೆ ಬಂದ ಭಾನುವಾರ ಅವನು ಒಂದು ಸಂಗತಿ ಗುರುತಿಸಿದ. ತಾನು ಸನ್ನೆ ಮಾಡಿದ ಕೂಡಲೇ ಕಪಿಲ ಎದುರುಗಡೆಯ ಜನರತ್ತ ಕತ್ತು ತಿರುಗಿಸುತ್ತಿದ್ದ, ಹುಬ್ಬು ಗಂಟಿಕ್ಕುತ್ತಿದ್ದ. ಪರ ಊರಿನಲ್ಲಿ ಹಾಗೆ ಮಾಡಿದ್ದಿಲ್ಲ. ಜನರ ನಡುವೆ ಇವನ ದಲಾಲ ಯಾರೋ ಕೂತಿದ್ದಾನೆ! ದೇವಿಂದ್ರಪ್ಪನೂ ಅತ್ತ ನೋಡಿದ. ಅಲ್ಲಿ ಯಾವ ದಲಾಲ? ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಶಿವಕಾಂತಮ್ಮ, ಅವಳ ಅಕ್ಕಪಕ್ಕ ಶೆಡ್ಡಿನ ಕಲ್ಲು ಹೊರುವ ಹೆಂಗಸರು, ಹಿಂದೆ ಕಲ್ಲು ಕೊಯ್ಯುವ ಹಳೇ ಆಳುಗಳು. ಎಲ್ಲ ತನ್ನವರೇ. ಎದ್ದು ನಿಂತು ಬಾಯಿ ತೆರೆದು ಹುರುಪಿನಿಂದ ಕೂಗುತ್ತಿದ್ದರು. ಅವನ ಎದೆ ತುಂಬಿ ಬಂತು, ಕಣ್ಣು ಮತ್ತೆ ಕಪಿಲನ ಮೇಲೆ ಹೋಯಿತು.

ಕೊನೆಯ ಸೆಟ್. ಎರಡೂ ಕಡೆ ಹದಿನಾಲ್ಕು. ದೇವಿಂದ್ರಪ್ಪ ಮೊಣಕೈ ಮುಟ್ಟಿದ. ಕಪಿಲ ನೋಡಿದ, ನೋಡಿದ್ದು ಖರೆ, ಜನರ ಕಡೆಯೂ ಒಮ್ಮೆ ನೋಡಿದ, ಆಮೇಲೆ ಚೆಂಡನ್ನು ಬಲಕ್ಕೆ ಎತ್ತಿದ. ದತ್ತು ಹಾರಿರಲೇ ಇಲ್ಲ. ಚೆಂಡು ನೆಲಕ್ಕೆ ಬಿತ್ತು. ಮುಂದಿನ ಸರ್ವಿಸಿಗೆ ಪಂದ್ಯವೇ ಮುಗಿಯಿತು.

ದೇವಿಂದ್ರಪ್ಪ ಮೈದಾನದ ನಡುವೆ, ಮಾಲಕನ ಎದುರು, ಆಟಗಾರರ ಎದುರು, ಇಡೀ ಊರಿನ ಎದುರು ಕಪಿಲನ ಅಂಗಿಯ ಕೊರಳು ಹಿಡಿದ. "ಯಾರಿಗಿ ಮಾರಕೊಂಡಿಯೋ ನಿನ್ನ ಕೈ?"

ಕಪಿಲನ ಮುಖದಲ್ಲಿ ರಕ್ತ ಇಳಿದುಹೋಯಿತು. ಉಸ್ತಾದನ ಕೈ ಬಿಡಿಸಿಕೊಂಡ. "ಎಲ್ಲಾ ಕೇಳಸ್ಕೊಂಡೂ ನೀವು ಹಿಂಗ ಅಂತೀರೇನ್ರಿ?" ಎಂದ. ತಂಡದ ಅಂಗಿ ಕಳಚಿ, ಮಡಚಿ, ಬೆಂಚಿನ ಮೇಲಿಟ್ಟು ಹೋದ.

ಊರಿಗೆ ಕಾರಣ ಸಿಕ್ಕಿತು. ಸೋತ ಊರಿಗೆ ಅದಕ್ಕಿಂತ ರುಚಿಯಾದದ್ದು ಬೇರೆ ಏನಿದೆ? ವಾಡಿಯ ಹುಡುಗ ತಂಡವನ್ನೇ ಮಾರಿದನಂತೆ ಎಂದು ಸುದ್ದಿ ನಾಲ್ಕು ದಿನದಲ್ಲಿ ಕಾಳಗಿ, ಕುರಕುಂಟಾದವರೆಗೂ ಮುಟ್ಟಿತು. ಮುಂದಿನ ವಾರ ಅಜಯಕುಮಾರನೆಂಬ ಹೊಸ ಲಿಫ್ಟರನನ್ನು ಇಟ್ಟುಕೊಂಡು ಚಿಂಚೋಳಿಗೆ ಹೋಗಿ ಗೆದ್ದೂ ಬಂದರು. ನೋಡಿದಿರಾ ಎಂದು ದೇವಿಂದ್ರಪ್ಪ ಮೀಸೆ ತಿರುವಿದ. ಉಳಿದದ್ದು ಒಂದೇ ಪಂದ್ಯ, ಅದೇ ಚಿಂಚೋಳಿಯ ಮೇಲೆ, ಶಹಾಬಾದದಲ್ಲಿ. ಗೆದ್ದರೆ ಫೈನಲ್.

ಸೋತರು. ಅಜಯಕುಮಾರ ಕುರಿಮರಿಯಂತೆ ಹೇಳಿದ ಮಾತು ಕೇಳುವ ಹುಡುಗ, ಒಂದು ಸನ್ನೆಯನ್ನೂ ಮೀರಲಿಲ್ಲ. ಆದರೂ ಜಿಲಾನಿ ಹಾರುವ ಮೊದಲೇ ಗೋಡೆ ಅಲ್ಲಿ, ದತ್ತು ಹಾರುವ ಮೊದಲೇ ಗೋಡೆ ಇಲ್ಲಿ. ಫೈನಲ್ಲಿಗೆ ಚಿಂಚೋಳಿ, ಸೇಡಂ ಹೋದವು.

ಅವತ್ತು ಸಂಜೆ ದೇವಿಂದ್ರಪ್ಪ ಊಟಕ್ಕೆ ಕೂತವನು ರೊಟ್ಟಿ ಮುರಿಯಲಿಲ್ಲ. ಅಜಯಕುಮಾರನೂ ಮಾರಿಕೊಂಡನೇ? ಜಿಲಾನಿಯೇ? ಮಾಲಕನೇ? ಶಿವಕಾಂತಮ್ಮ ಎದುರು ಕೂತಳು. ಅವಳು ಬಿಸಿನೀರು ಕುಡಿಯುತ್ತ ಗಂಟಲು ಹಿಡಿದುಕೊಂಡಿದ್ದಳು. ಗಂಟಲಿಗೇನಾಯಿತು ಎಂದು ಇವನು ಸನ್ನೆಯಲ್ಲಿ ಕೇಳಿದ.

"ಏನಾಗ್ತದ್ರಿ, ಕೂಗಿ ಕೂಗಿ ಬಿದ್ದು ಹೋಗ್ಯಾದ," ಎಂದಳು. "ನೀವು ಮೊಣಕೈ ಮುಟ್ಟದೇ ತಡ, ಜಿಲಾನಿ ಅಂತ ಕೂಗ್ತೀವಿ. ಹಣಿ ಒರಸದ್ರ ದತ್ತು ಅಂತೀವಿ. ನಮ್ಮ ಮಷೀನಿನ ಮಾತು ನಮಗ ತಿಳಿಯಂಗಿಲ್ಲೇನು? ನಿಮಗ ಕೇಳಸಂಗಿಲ್ಲಂತ ಗೊತ್ತದ. ಬಾಯಾದ್ರೂ ಕಾಣಲಿ ಅಂತ ಎಲ್ಲಾರಿಗಿ ಎಬ್ಬಿಸಿ ನಿಂದ್ರಸ್ತಿದ್ದೆ."

ಹೆಮ್ಮೆಯಿಂದ ಹೇಳುತ್ತಿದ್ದಳು. ದೇವಿಂದ್ರಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. ಚೆಂಡು ಮೇಲೇಳುವ ಮೊದಲೇ ಮೂವತ್ತು ನಲವತ್ತು ಗಂಟಲು ಕೂಡಿ ಹೆಸರು ಹಿಡಿದು ಕೂಗಿದರೆ ನೆಟ್ಟಿನ ಆಚೆಯವರಿಗೆ ಇನ್ನೇನು ಬೇಕು? ಶೆಡ್ಡಿನವರೆಲ್ಲ ಅರ್ಧ ಕಿವುಡರು, ಹೀಗಾಗಿ ಕೂಗೂ ದೊಡ್ಡದು. ದಿನದ ಕೂಲಿ ಬಿಟ್ಟು ಅವರು ಪರ ಊರಿಗೆ ಬರುತ್ತಿರಲಿಲ್ಲ, ಅದಕ್ಕೇ ಅಲ್ಲೆಲ್ಲ ಗೆಲುವು. ಎಲ್ಲಾ ಕೇಳಸ್ಕೊಂಡೂ ಹಿಂಗ ಅಂತೀರೇನ್ರಿ ಎಂದಿದ್ದ ಕಪಿಲ. ಮೈದಾನದಲ್ಲಿ ಅದನ್ನು ಕೇಳಿಸಿಕೊಳ್ಳದವನು ತಾನೊಬ್ಬನೇ. ಉಸ್ತಾದನಿಗೂ ಕೇಳಿಸುತ್ತದೆಂದೇ ಆಟಗಾರರೆಲ್ಲ ತಿಳಿದಿದ್ದರು. ಅವನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ರೊಟ್ಟಿ ಪಕ್ಕಕ್ಕೆ ಸರಿಸಿ ಎದ್ದ.

ಬೆಳಿಗ್ಗೆ ರೈಲು ಹಿಡಿದು ವಾಡಿಗೆ ಹೋದ. ಕಪಿಲನ ತಂಗಿ ಮೈತ್ರಿ ಬಾಗಿಲಲ್ಲೇ ನಿಂತು ಅಣ್ಣ ಮನೆಯಲ್ಲಿಲ್ಲ ಎಂದಳು. ಅವಳ ಬೆನ್ನ ಹಿಂದೆಯೇ ಕಪಿಲ ನಿಂತಿದ್ದ. ಹೈದರಾಬಾದಿನ ಒಂದು ತಂಡ ಅವನ ಆಟ ನೋಡಲು ಕರೆದಿತ್ತಂತೆ, ಈ ಸುದ್ದಿ ಕೇಳಿ ಬೇಡ ಎಂದಿತಂತೆ. ಇದನ್ನೂ ಮೈತ್ರಿಯೇ ಹೇಳಿದಳು, ಒಂದೊಂದು ಮಾತೂ ಕೆನ್ನೆಗೆ ಬಾರಿಸಿದ ಹಾಗೆ.

ಜನರ ಕೂಗಿನ ಸಂಗತಿ ನಿನ್ನೆ ರಾತ್ರಿಯವರೆಗೆ ತನಗೆ ಗೊತ್ತೇ ಇರಲಿಲ್ಲವೆಂದು ದೇವಿಂದ್ರಪ್ಪ ಬಾಗಿಲ ಹೊರಗಿನಿಂದಲೇ ಹೇಳಿದ. ಕಪಿಲ ಮುಂದೆ ಬಂದ. "ಖರೇನೇ ನಿಮಗ ಕೇಳಸ್ತಿರಲಿಲ್ಲೇನ್ರಿ?"

"ಇಲ್ಲಪ. ನನಗ ಕೇಳಸಂಗಿಲ್ಲ," ಎಂದ ದೇವಿಂದ್ರಪ್ಪ. ಹೆಂಡತಿಗೂ ಬಾಯಿಬಿಟ್ಟು ಹೇಳಿರದ ಮಾತು ಅದು.

ಕಪಿಲನ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. "ನನಗ ಕಳ್ಳ ಅಂದಿದ್ದು ಮಂದಿ ಮುಂದ, ಉಸ್ತಾದ್ರೆ. ಇದು ನನ್ನ ಮನಿ ಬಾಗಲಾಗ ಹೇಳಿದ್ರ ಏನಾಗ್ತದ?"

ಫೈನಲ್ಲಿನ ದಿನ ಶಹಾಬಾದದ ಮೈದಾನದಲ್ಲಿ ಐದೂ ಊರಿನ ಜನ ಸೇರಿದ್ದರು. ಸೋತ ತಂಡದ ಉಸ್ತಾದ ವೇದಿಕೆ ಹತ್ತಿ ಮೈಕು ಹಿಡಿದದ್ದು ನೋಡಿ ಕೆಲವರು ನಕ್ಕಿರಬೇಕು. ಬಾಯಿಗಳು ಆಡುತ್ತಿದ್ದವು. ದೇವಿಂದ್ರಪ್ಪ ಎದುರು ಸಾಲಿನತ್ತ ನೋಡಿ ತನ್ನ ಕಿವಿಯ ತುದಿ ಹಿಡಿದ. ಮಷೀನು ಬಂದ್. ಶೆಡ್ಡಿನವರ ಬಾಯಿ ಒಮ್ಮೆಗೇ ಮುಚ್ಚಿದವು, ಅವರನ್ನು ನೋಡಿ ಹಿಂದಿನವರೂ ಸುಮ್ಮನಾದರು.

ಕಪಿಲ ಗೇಟಿನ ಬಳಿ ನಿಂತಿದ್ದ, ಒಳಗೆ ಬಂದಿರಲಿಲ್ಲ.

"ಈ ವರ್ಷ ನಾವು ಸೋತಿದ್ದು ಕಪಿಲನ ಕೈಲಿಂದ ಅಲ್ಲ, ನನ್ನ ಕಿವಿಲಿಂದ," ಎಂದ ದೇವಿಂದ್ರಪ್ಪ. "ನಾ ಕಿವುಡ ಇದ್ದೀನಿ. ಮುಚ್ಚಿ ಇಟ್ಟಿದ್ದೆ. ಆ ಹುಡುಗ ಸನ್ನಿ ಬದ್ಲಿ ಮಾಡ್ರಿ ಅಂದಿದ್ದ. ನಾ ಅವನಿಗಿ ಕಳ್ಳ ಅಂದೆ. ತಪ್ಪು ನಂದು."

ಪಕ್ಕದಲ್ಲಿದ್ದ ಅಶೋಕಕುಮಾರ ಬಾಯಿಗೆ ಕೈ ಅಡ್ಡ ಹಿಡಿದು ಲೀಗಿನವರಿಗೆ ಏನೋ ಹೇಳಿದ. ಆ ಕೈಯ ಹಿಂದಿನ ಮಾತು ಏನೆಂದು ತಿಳಿಯಲು ಕಿವಿ ಬೇಕಿರಲಿಲ್ಲ, ಮುಂದಿನ ವರ್ಷ ಸೀಟಿ ಬೇರೆಯವರ ಕೊರಳಿಗೆ. ದೇವಿಂದ್ರಪ್ಪ ನಿಲ್ಲಿಸಲಿಲ್ಲ. ಯಾವ ಪಂದ್ಯದಲ್ಲಿ ಯಾವ ಸನ್ನೆ ಮಾಡಿದೆ, ಕಪಿಲ ಯಾಕೆ ಬಲಕ್ಕೆ ಎತ್ತಿದ, ಅದೆಷ್ಟು ಸರಿ ಇತ್ತು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತ ಹೋದ. ಮೈಕು ಆಗಲೇ ಬಂದ್ ಆಗಿತ್ತು, ಅದೂ ಅವನಿಗೆ ತಿಳಿಯಲಿಲ್ಲ. ಎದುರು ಸಾಲಿನಲ್ಲಿ ಶಿವಕಾಂತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದು ನಿಂತಳು, ಅವಳ ಹಿಂದೆ ಶೆಡ್ಡಿನವರೆಲ್ಲ ಎದ್ದರು. ಅವರ ಬಾಯಿಗಳು ಒಂದೇ ಹೆಸರಿಗೆ ತೆರೆದು ಮುಚ್ಚುತ್ತಿದ್ದವು. ಈ ಸಲ ಅವನು ಸರಿಯಾಗಿ ನೋಡಿದ. ಕಪಿಲ, ಕಪಿಲ.

ಆದರೂ ಮಾತು ನಿಲ್ಲಿಸಲು ಅವನಿಗೆ ಧೈರ್ಯವಾಗಲಿಲ್ಲ. ಹೇಳುತ್ತಲೇ ಗೇಟಿನ ಕಡೆ ನೋಡಿದ. ಕಪಿಲ ಅಲ್ಲೇ ನಿಂತು, ಅವನನ್ನೇ ನೋಡುತ್ತ, ತನ್ನ ಕಿವಿಯ ತುದಿ ಹಿಡಿದುಕೊಂಡಿದ್ದ.

ದೇವಿಂದ್ರಪ್ಪ ಮೈಕು ಕೆಳಗಿಟ್ಟ.