ಹನ್ನೆರಡೂ ಹತ್ತು

ಊಟದ ಪಾರ್ಸಲ್ಲುಗಳೆಲ್ಲ ಹೊರಟ ಮೇಲೂ ಒಲೆಯ ಪಕ್ಕ ಒಂದು ಡಬ್ಬಿ ಉಳಿದಿತ್ತು. ಯಾರಿಗೆಂದು ಅವಳು ಚಿಕ್ಕಮ್ಮನನ್ನು ಕೇಳಲಿಲ್ಲ. ಮೆತ್ತಗೆ ಬೇಯಿಸಿದ ಅನ್ನ, ಸಣ್ಣಗೆ ಹೆಚ್ಚಿದ ಬೀನ್ಸು, ವಯಸ್ಸಾದವರಿಗೆಂದು ನೋಡಿದರೇ ಗೊತ್ತಾಗುತ್ತಿತ್ತು. ಚಿಕ್ಕಮ್ಮ ಗಡಿಯಾರ ನೋಡಿದಳು, ಹಿಂದೆ ಫೋನಿಡುತ್ತಿದ್ದ ಸ್ಟೂಲು ನೋಡಿದಳು, ಆಮೇಲೆ ಆ ಡಬ್ಬಿಯನ್ನು ತನ್ನ ಊಟಕ್ಕೆಂದು ಎಳೆದುಕೊಂಡಳು. ಮೂರು ವಾರದಿಂದ ದಿನವೂ ಹೀಗೆಯೇ.

ವಾಚ್ ರಿಪೇರಿ ಕೆಲಸ ಬಿಟ್ಟು ಮನೆಯಲ್ಲಿ ಒಬ್ಬರೇ ಇದ್ದ ಮುದುಕರೊಬ್ಬರು ದಿನಾ ಹನ್ನೆರಡೂ ಹತ್ತಕ್ಕೆ ಫೋನ್ ಮಾಡುತ್ತಿದ್ದರು. ಚಿಕ್ಕಮ್ಮ ಅವರಿಗಿಟ್ಟ ಹೆಸರೂ ಅದೇ. ಇವತ್ತೇನಿದೆ ಎನ್ನುವರು. ಚಿಕ್ಕಮ್ಮ ಒಂದೊಂದನ್ನೇ ಹೇಳುತ್ತ, ಕಾಯಿ ಎಳೆಯದೋ ಬಲಿತದ್ದೋ ಎನ್ನುವವರೆಗೂ ಹೋಗುವಳು. ಅಷ್ಟನ್ನೂ ಕೇಳಿಸಿಕೊಂಡು ಅವರು ನಿನ್ನೆ ತರಿಸಿದ್ದನ್ನೇ ಹೇಳುವರು. "ಇದನ್ನೇ ತಗೊಳ್ಳೋದಾದ್ರೆ ನನ್ನ ಬಾಯಿಗ್ಯಾಕೆ ಕೀಲಿ ಕೊಡ್ತೀರಿ ಯಜಮಾನ್ರೇ?" ಎಂದು ಚಿಕ್ಕಮ್ಮ ನಗುವಳು.

ಮೂರು ವಾರದ ಹಿಂದೆ ಆ ಫೋನ್ ತೆಗೆಸಿದ್ದು ಚಿಕ್ಕಮ್ಮನಲ್ಲ, ಅವಳು. ಡಿಗ್ರಿ ಮುಗಿಸಿ, ಕೆಲಸ ಸಿಗುವವರೆಗೆಂದು ಚಿಕ್ಕಮ್ಮನ ಅಡುಗೆಮನೆಗೆ ಬಂದವಳು ಎಲ್ಲವನ್ನೂ ಆ್ಯಪಿಗೆ ಹಾಕಿದಳು. ಒಬ್ಬರ ಹತ್ತಿರ ಮಾತಾಡುವಷ್ಟರಲ್ಲಿ ಆರು ಪಾರ್ಸಲ್ ಕಟ್ಟಬಹುದು ಎಂದು ವಾದಿಸಿದ್ದಳು. ನಮ್ಮಲ್ಲೇ ಏಕೆ ತರಿಸಿದಿರಿ ಎಂದು ಆ್ಯಪು ಗಿರಾಕಿಗಳನ್ನು ಕೇಳುತ್ತಿತ್ತು: ಬೆಲೆ, ರುಚಿ, ರಿಯಾಯಿತಿ, ಬೇಗ ಬರುತ್ತದೆ. ಹೆಚ್ಚಿನವರು ಒತ್ತಿದ್ದು ಕೊನೆಯದನ್ನು. ಅದನ್ನವಳು ಹೆಮ್ಮೆಯಿಂದ ತೋರಿಸಿದಾಗ ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಓದಿ, ಹನ್ನೆರಡೂ ಹತ್ತು ಇದರಲ್ಲಿ ಯಾವುದನ್ನು ಒತ್ತುತ್ತಿದ್ದರೋ ಎಂದಷ್ಟೇ ಹೇಳಿ ಪಾತ್ರೆ ತೊಳೆಯಲು ಎದ್ದಿದ್ದಳು.

ಫೋನ್ ತೆಗೆಸಿದ ನಿಜವಾದ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಚಿಕ್ಕಮ್ಮನ ಕೈ ಬಿಡುವಿಲ್ಲದಾಗ ಫೋನೆತ್ತುವುದು ಅವಳ ಪಾಲಿಗೆ ಬರುತ್ತಿತ್ತು. ಹೊರಗಿನವರ ದನಿ ಕೇಳಿದರೆ ಸಾಕು, ಅವಳಿಗೆ ಮಾತೇ ಮರೆತುಹೋಗುತ್ತಿತ್ತು. ಏನಿದೆ ಎಂದು ಕೇಳಿದರೆ "ಅನ್ನ ಇದೆ" ಎಂದು ನಿಂತುಬಿಡುವಳು.

ಇವತ್ತು ಹಳೆಯ ಆರ್ಡರ್ ಪುಸ್ತಕದಿಂದ ಅವರ ನಂಬರು ಬರೆದುಕೊಂಡು, ಮೊಬೈಲು ಹಿಡಿದು ಹಿತ್ತಲ ಮೆಟ್ಟಿಲಿಗೆ ಹೋದಳು. ಎರಡು ಸಲ ಒತ್ತಿ ತಾನೇ ಕತ್ತರಿಸಿದಳು. ಮೂರನೆಯ ಸಲ ಅವರು ಎತ್ತಿದರು. ತಾನು ಯಾರೆಂದು ತಡವರಿಸುವಷ್ಟರಲ್ಲಿ ಅವರೇ ಗುರುತು ಹಿಡಿದರು.

"ಓ, ಅನ್ನ ಇದೆ ಅನ್ನೋ ಹುಡುಗಿ."

ನಾಲ್ಕು ದಿನ ಫೋನ್ ಮಾಡಿದರಂತೆ. ಬೆರಳು ನಡುಗಿ ಬೇರೆ ನಂಬರು ಒತ್ತುತ್ತಿದ್ದೇನೆ ಎಂದುಕೊಂಡರಂತೆ. ಚಿಕ್ಕಮ್ಮನಿಗೇನಾದರೂ ಆಯಿತೋ ಎಂದು ಐದನೇ ದಿನ ಬೀದಿಯ ತಿರುವಿನವರೆಗೂ ನಡೆದು ಬಂದಿದ್ದರಂತೆ.

"ಬಾಗಿಲಲ್ಲಿ ನಿಂತು ನಗ್ತಾ ಪಾರ್ಸಲ್ ಕೊಡ್ತಿದ್ರು. ಚೆನ್ನಾಗಿದಾರಲ್ಲ ಅಂತ ವಾಪಸ್ ಬಂದೆ. ನನ್ನ ಮಾತು ಜಾಸ್ತಿ ಆಯ್ತೇನೋ ಅಂದ್ಕೊಂಡೆ. ತಪ್ಪೇನಿಲ್ಲಮ್ಮ."

ಅಲ್ಲ, ತಪ್ಪು ತನ್ನದು ಎನ್ನಬೇಕೆಂದು ಅವಳು ಬಾಯಿ ತೆರೆದಳು. ಬಂದದ್ದು ಬೇರೆ. ಈಗ ಊಟ ಎಲ್ಲಿಂದ ಎಂದು ಕೇಳಿದಳು. ಪಕ್ಕದ ಮನೆಯವರು ಎಲ್ಲಿಂದಲೋ ಏರ್ಪಾಡು ಮಾಡಿದ್ದಾರೆ, ದಿನಾ ತಾನಾಗಿಯೇ ಬರುತ್ತದೆ, ಏನಿದೆ ಎಂದು ಯಾರನ್ನೂ ಕೇಳುವಂತಿಲ್ಲ ಎಂದರು.

"ಚೆನ್ನಾಗಿರುತ್ತಾ?"

"ಬೇಗ ಬರುತ್ತೆ."

ಅವರ ಹಿಂದೆ ನಾಲ್ಕೈದು ಗಡಿಯಾರಗಳು ಹಿಂದುಮುಂದಾಗಿ ಟಿಕಟಿಕಿಸುತ್ತಿದ್ದವು. ಅವರೇ ಕೇಳಿದರು, "ಇವತ್ತೇನಿದೆ?"

"ಅನ್ನ ಇದೆ" ಎಂದಳು. ಎದ್ದು ಒಳಗೆ ಬಂದು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆಯುತ್ತ ಹೋದಳು. "ಬೇಳೆ ಇದೆ, ತೆಳ್ಳಗೆ. ಕುಂಬಳಕಾಯಿ ಇದೆ, ಸಿಹಿಯಾಗಿದೆ. ಬೀನ್ಸು... ಎಳೇದು." ಉಣ್ಣುತ್ತಿದ್ದ ಚಿಕ್ಕಮ್ಮ ತಲೆಯೆತ್ತಿ, ಯಾರೆಂದು ತಿಳಿದು, ಅವಸರದಲ್ಲಿ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ಫೋನಿಗೆ ಚಾಚಿದಳು.

ಆ ಕಡೆ ಬಾಗಿಲ ಗಂಟೆ ಬಾರಿಸಿತು. ಊಟ ಬಂತಮ್ಮ, ತಂದವರನ್ನು ನಿಲ್ಲಿಸಬಾರದು ಎಂದು ಅವರು ಫೋನಿಟ್ಟರು.

ಚಾಚಿದ ಕೈಯನ್ನು ಚಿಕ್ಕಮ್ಮ ಹಾಗೇ ಹಿಂದಕ್ಕೆ ಎಳೆದುಕೊಂಡಳು.

"ಬೀನ್ಸು ಎಳೇದಲ್ಲ ಕಣೇ, ಬಲಿತಿದೆ" ಎಂದು, ಎದ್ದು ಪಾತ್ರೆಗಳ ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು.