ಮೂರನೇ ಗುಂಪು

ಮತ್ತೆ ಅದೇ, ನಕ್ಷೆಯ ಮೂರನೇ ಕಂಬ ಗಿಡ್ಡ, ಎಡಗಡೆಯವೆರಡು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರೆ ಇದೊಂದು ಮಂಡಿಯೂರಿ ಕೂತ ಹಾಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ, ಅವಳು ಕಣ್ಣುಜ್ಜಿಕೊಂಡಳು, ಅಂಕಗಳನ್ನು ಇನ್ನೊಮ್ಮೆ ತುಂಬಿದಳು, ಜಪ್ಪಯ್ಯ ಎಂದರೂ ಕಂಬ ಮೇಲೇಳಲೊಲ್ಲದು. ನದಿಯಾಚೆಯ ಶಾಲೆ, ಪೇಟೆ ಶಾಲೆ, ತಗಡಿನ ಕಾರ್ಖಾನೆಯ ಗೋಡೆಗೆ ಒತ್ತಿಕೊಂಡ ಶಾಲೆ, ಮೂರೂ ಕಡೆ ಒಂಬತ್ತನೇ ತರಗತಿ, ಒಂದೇ ಪ್ರಶ್ನೆಪತ್ರಿಕೆ, ಯಾವ ಗುಂಪಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಲೆಕ್ಕ ಹಾಕಿ ಹೋಲಿಸಮ್ಮ, ಪಿಎಚ್‌ಡಿ ಮುಗಿದರೆ ಹೈಸ್ಕೂಲಿನ ಸೀಮೆಸುಣ್ಣದ ಧೂಳು ತಪ್ಪುತ್ತೆ ಅಂತ ಗೈಡ್ ಮೇಷ್ಟ್ರು ಹೇಳಿದಾಗ ಎಷ್ಟು ಸಲೀಸು ಅನ್ನಿಸಿತ್ತು — ಓದುವುದರಲ್ಲಿ ಮೂರೂ ಸಮ, ಬರೆಯುವುದರಲ್ಲಿ ಕಾರ್ಖಾನೆ ಶಾಲೆಯವರೇ ಒಂದು ಕೈ ಮೇಲು, ಕೇಳಿಸಿಕೊಂಡು ಉತ್ತರ ಬರೆಯುವುದರಲ್ಲಿ ಮಾತ್ರ ದೊಪ್ಪನೆ ಕೆಳಗೆ. ಇದು ಆಕಸ್ಮಿಕ ಅಲ್ಲಮ್ಮ, ಗಟ್ಟಿ ವ್ಯತ್ಯಾಸ, ಕಣ್ಮುಚ್ಚಿ ಬರೆದುಬಿಡು, ಆ ಗುಂಪಿನ ತಲೆಗೆ ಇಂಗ್ಲಿಷ್ ಹತ್ತಲ್ಲ ಅಂತ. ಮೇಷ್ಟ್ರಿಗೆ ಖುಷಿಯೋ ಖುಷಿ. ಅಲ್ಲ ಸಾರ್, ಓದೋಕೆ ಬರುತ್ತೆ, ಬರೆಯೋಕೆ ಬರುತ್ತೆ, ಕಿವಿಗೆ ಬಿದ್ದರೆ ಮಾತ್ರ ಬರಲ್ಲ, ಅದೆಂಥ ತಲೆ, ಎಂದು ಕೇಳಬೇಕಿತ್ತು. ಸದ್ದಿನ ಕಾಟವೇನೋ — ಅದೂ ಅಲ್ಲ, ರಜಾದಿನ, ಪೇಟೆಯ ಸಭಾಭವನ, ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ, ಮೂರೂ ಗುಂಪಿಗೆ ಅದೇ ರೆಕಾರ್ಡ್ ಮಾಡಿದ ಧ್ವನಿ, ಅದೇ ಸ್ಪೀಕರು. ಉಳಿದ ಮಕ್ಕಳು ತಲೆ ತಗ್ಗಿಸಿ ಬರೆದರು, ಇವರು ಮಾತ್ರ ಸ್ಪೀಕರು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ಒಟ್ಟಿಗೆ ಅವಳ ಕಡೆ ತಿರುಗಿದರು, ಅವಳ ಕಣ್ಣಿಗಲ್ಲ, ಬಾಯಿಗೆ, ಮುಚ್ಚಿಕೊಂಡಿದ್ದ ಬಾಯಿಗೆ, ಈಗ ಏನೋ ಹೇಳುತ್ತಾರೆ ಅನ್ನುವ ಹಾಗೆ.

ಅದಕ್ಕೂ ಮೊದಲು ಒಂದು ಸಲ ಆಗಿತ್ತಲ್ಲ ಈ ಪರೀಕ್ಷೆ, ಮೊದಲ ಸಲ ಅವಳೇ ಕಾರ್ಖಾನೆ ಶಾಲೆಗೆ ಹೋಗಿ ಎದುರು ನಿಂತು ಪಾಠ ಓದಿದ್ದಳು, ಗೋಡೆಯಾಚೆ ತಗಡು ಬಡಿಯುವ ಯಂತ್ರಗಳು ಧಡಾರ್ ಧಡಾರ್, ಕಿಟಕಿಯ ಸರಳು ಹಲ್ಲು ಕಡಿದ ಹಾಗೆ ನಡುಗುತ್ತಿತ್ತು, ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ, ಆದರೂ ಮಕ್ಕಳು ಒಂದೂ ತಪ್ಪಿಲ್ಲದೆ ಬರೆದಿದ್ದವು! ಇದೆಂಥ ಪವಾಡ, ಯಾರೋ ಉತ್ತರ ಹೇಳಿಕೊಟ್ಟಿದ್ದಾರೆ ಅಂತಲೇ ಅವಳ ಲೆಕ್ಕ. ಅಲ್ಲಿನ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದರೆ ಉರಿದುಬಿದ್ದರು, ನಾನ್ಯಾಕ್ರೀ ಹೇಳಿಕೊಡ್ಲಿ, ನೀವು ಓದಿದ್ರಿ, ಅವು ಬರೆದ್ವು, ಅಷ್ಟೇ, ಎಂದು ಕಿರುಚಿಯೇ ಹೇಳಿದರು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಇವಳು ಒಳಗೇ ನಕ್ಕು ಆ ಅಂಕಗಳನ್ನೆಲ್ಲ ಹೊಡೆದುಹಾಕಿದಳು, ನಕಲು ನಡೆದಿದೆ, ಪರಿಗಣಿಸಬಾರದು. ಎಲ್ಲರಿಗೂ ಒಂದೇ ಧ್ವನಿ ಇರ್ಬೇಕು, ಮುಖ ಕಾಣಿಸ್ಲೇಬಾರದು, ಆಗಲೇ ನ್ಯಾಯ, ಅಂದರು ಗೈಡ್. ಮುಖ ಕಾಣಿಸಬಾರದು. ಅಯ್ಯೋ ದೇವರೇ, ನಕಲು ಹೊಡೆದದ್ದು ಹೌದು, ಯಾರಿಂದಲೋ ಅಲ್ಲ, ನನ್ನ ತುಟಿಯಿಂದ, ಅಷ್ಟೂ ಮಕ್ಕಳು, ಒಂದು ತರಗತಿಗೆ ತರಗತಿಯೇ — ಹಾಗಿದ್ದರೆ ಹತ್ತನೆಯವರು, ಹಾಗಿದ್ದರೆ ಎಂಟನೆಯವರು, ಆ ಮೇಷ್ಟ್ರು ಯಾಕೆ ಕಿರುಚಿ ಮಾತಾಡಿದರು, ಕೋಪಕ್ಕೆ ಅಂದುಕೊಂಡಿದ್ದೆನಲ್ಲ.

ಈ ಬೀದಿಯವರೆಲ್ಲ ಜಗಳಗಂಟರು ಎಂದುಕೊಂಡಿದ್ದಳು ಮದುವೆಯಾಗಿ ಬಂದ ಹೊಸತರಲ್ಲಿ, ಕಾರ್ಖಾನೆಯ ಹಿಂಬದಿಯ ಈ ಮನೆಗೆ, ಉಪ್ಪು ಕೇಳುವುದಕ್ಕೂ ಹೊಡೆದಾಟಕ್ಕೆ ಬಂದವರ ಗಂಟಲು, ಯಂತ್ರ ನೋಡಿಕೊಳ್ಳುವ ಗಂಡ ಟೀವಿ ಹಾಕಿದರೆ ಮೂರು ಮನೆಗೆ ವಾರ್ತೆ, ಸ್ವಲ್ಪ ಸಣ್ಣ ಮಾಡ್ರೀ ಅಂದರೆ ಸಣ್ಣಗೇ ಇದೆಯಲ್ಲೇ. ನಗುತ್ತಿದ್ದಳು ಆಗ. ಅವಳು ಹಗಲೆಲ್ಲ ನದಿಯಾಚೆಯ ಶಾಲೆಯಲ್ಲಿ, ತಂಪು, ಮರ, ಕಾಗೆ ಕೂಗಿದರೂ ಕೇಳಿಸುತ್ತದೆ. ಮಗಳನ್ನು ಮಾತ್ರ ಇಲ್ಲೇ ಸೇರಿಸಿದ್ದು, ಮನೆಗೆ ಹತ್ತಿರ ಅಂತ, ಮಳೆಬಿಸಿಲಲ್ಲಿ ಬಸ್ಸಿಗೆ ಯಾಕೆ ನಿಲ್ಲಬೇಕು ಕೂಸು ಅಂತ — ಮೂರನೇ ಗುಂಪು, ಒಂಬತ್ತನೇ ತರಗತಿ, ಕಿಟಕಿ ಪಕ್ಕದ ಬೆಂಚು. ನಿನ್ನ ಮಗಳಿಗೆ ಹೇಳೋದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯೋದೂ ಒಂದೇ, ಕರೆದರೆ ಓ ಅನ್ನೋ ಅಭ್ಯಾಸಾನೇ ಇಲ್ಲ, ಅತ್ತೆಯ ದೂರು, ಹೌದತ್ತೆ ಕೊಬ್ಬು ಜಾಸ್ತಿ ಆಗಿದೆ ಅವಳಿಗೆ, ಎಂದು ತಾನೂ ದನಿಗೂಡಿಸಿದ್ದು, ಹೋದ ವಾರ ಬೆನ್ನಿಗೊಂದು ಬಾರಿಸಿದ್ದು, ಯಾಕಮ್ಮ ಹೊಡೆದೆ ಎಂದು ಅದು ತಿರುಗಿ ನೋಡಿದ್ದು, ನೋಡಿದ್ದೆಲ್ಲಿ, ಕಣ್ಣಿಗಲ್ಲ. ಇಲ್ಲ ಇಲ್ಲ, ನನ್ನ ಮಗಳಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾಳೆ, ಎಲ್ಲಕ್ಕೂ ಟಕಟಕ ಉತ್ತರ ಕೊಡ್ತಾಳೆ, ಎದುರಿಗಿದ್ದರೆ, ಎದುರಿಗಿದ್ದಾಗ. ಯಂತ್ರಗಳು ಇವತ್ತು ನಿಂತಿವೆ, ನೆಲ ನಡುಗುತ್ತಿಲ್ಲ, ಹೊಸ್ತಿಲಲ್ಲಿ ಗುಬ್ಬಿ, ಹಾಗೇ ಕರೆಯುವುದು ಮಗಳನ್ನು, ಶೂಗೆ ಪಾಲಿಶ್ ತಿಕ್ಕುತ್ತಾ ಆ ಕಡೆ ಮುಖ ಮಾಡಿ ಕೂತಿದೆ. ಗುಬ್ಬೀ. ಬ್ರಶ್ಶು ನಿಲ್ಲಲಿಲ್ಲ. ಗುಬ್ಬಿ, ನೋಡಿಲ್ಲಿ. ಎದ್ದು ಹೋದಳು, ಅವಳ ನೆರಳು ಶೂ ಮೇಲೆ ಬಿದ್ದಾಗ ಮಗಳು ತಿರುಗಿ ಚೆಂದಕ್ಕೆ ನಕ್ಕಳು, ಸುಮ್ಮನಿದ್ದುಬಿಡಲೇ, ಪರೀಕ್ಷಿಸದೆ ಇದ್ದರೆ ಆಗಿರದೆ ಇದ್ದೀತೇ, ಕೈ ಅಷ್ಟರಲ್ಲಿ ತಾನೇ ಮೇಲೆದ್ದು ಬಾಯಿ ಮುಚ್ಚಿತ್ತು, ಅದರ ಹಿಂದಿನಿಂದಲೇ ಹೇಳಿದಳು, ದಿನಾ ಹೇಳುವ ಮಾತೇ, ದಿನಾ ಹೇಳುವ ದನಿಯಲ್ಲೇ, ಊಟಕ್ಕೆ ಬಾರೇ ಚಿನ್ನಾ. ಮಗಳು ಕಾದಳು. ಇನ್ನೂ ಕಾದಳು, ನಗುತ್ತಲೇ, ಮಾತು ಇನ್ನೂ ಶುರುವೇ ಆಗಿಲ್ಲವೆಂಬಂತೆ. ಏನಮ್ಮ ನಿನ್ನ ಆಟ, ಕೈ ತೆಗಿ, ಕೈ ತೆಗೆದ್ರೆ ತಾನೇ ಕೇಳಿಸೋದು — ಆ ಎರಡು ಕಣ್ಣು, ಅವಳ ಬೆರಳುಗಳ ಮೇಲೆ, ಬೆರಳುಗಳ ಹಿಂದೆ ಬಾಯಿ ಇರುವಲ್ಲಿ, ಆ ಎರಡು ಕಣ್ಣು