ಕೈಕೊಟ್ಟ ಬೋರಿಂಗ್

ನಾನು ಒಂದು ಕೈಪಂಪು. ಹಾಗೆಂದು ಕರೆದವರು ಮಾತ್ರ ಕಡಿಮೆ. ಕಾರ್ಖಾನೆಯಲ್ಲಿ ನನಗೊಂದು ನಂಬರು ಇತ್ತು, ಊರಿನಲ್ಲಿ ‘ಫಕೀರವ್ವನ ಬೋರಿಂಗ್’ ಎಂಬ ಹೆಸರಿತ್ತು. ಈಗ ಎರಡರಿಂದಲೂ ಯಾರೂ ಕೂಗುವುದಿಲ್ಲ.

ಕಬ್ಬಿಣದ ತಗಡನ್ನು ಬಗ್ಗಿಸಿ, ಬೆಸುಗೆ ಹಾಕಿ, ಕರಗಿದ ಸತುವಿನಲ್ಲಿ ಅದ್ದಿ ತೆಗೆದಾಗ ನಾನು ಹುಟ್ಟಿದೆ. ಒಂದು ತಲೆ, ಒಂದು ಬಾಯಿ, ಒಂದು ಉದ್ದನೆಯ ಕೈ. ನನ್ನ ಜಾತಿಗೆ ಇಷ್ಟೇ ಅಂಗಗಳು. ನನ್ನ ಜೊತೆಗೇ ತಯಾರಾದ ಇನ್ನೊಂದು ಪಂಪು ಇತ್ತು, ಅಕ್ಕ ಎನ್ನಿ. ಇಬ್ಬರನ್ನೂ ಒಂದೇ ಲಾರಿಯಲ್ಲಿ ಮಲಗಿಸಿ, ಗದಗದಿಂದಾಚೆ ಎರೆಹೊಲ ಮುಗಿದು ಕೆಂಪು ಮಸಾರಿ ನೆಲ ಶುರುವಾಗುವ ಕಡೆ, ಜಾಲಿಕೊಪ್ಪ ಎಂಬ ಊರಿನಲ್ಲಿ ಇಳಿಸಿದರು.

ಮೇಲಿನ ಓಣಿಯಲ್ಲಿ ಅಕ್ಕನಿಗೆ ಜಾಗ ಮೊದಲೇ ಗೊತ್ತಾಗಿತ್ತು. ನನಗಾಗಿ ಬಾವಿ ಕೊರೆಯುವ ಲಾರಿ ಮೊದಲು ಹೋಗಿ ನಿಂತದ್ದು ಚೇರ್ಮನ್ನರ ಮನೆಯ ಎದುರಿಗೆ. ಆಗ ಕೆಳಗಿನ ಓಣಿಯ ಹೊಸ ಸೊಸೆಯೊಬ್ಬಳು ಬಂದು, ಲಾರಿಯ ಮುಂದೆ ಕೊಡವನ್ನು ಬೋರಲು ಹಾಕಿ, ಅದರ ಮೇಲೆ ಕುಳಿತುಬಿಟ್ಟಳು. ಆಕೆಯೇ ಫಕೀರವ್ವ.

“ಏಳವಾ, ಗಾಡಿ ಹಾಯಬೇಕು,” ಎಂದ ಡ್ರೈವರ್.

“ಹಾಯಿಸು. ಕೊಡ ಹಳೇದೈತಿ, ನಾ ಹೊಸಾಕಿ ಅದೀನಿ. ಯಾವುದು ಮೊದಲ ಒಡೀತೈತಿ ನೋಡೂಣು.”

ಚೇರ್ಮನ್ನರಿಗೇ ನಗು ಬಂತು. ಲಾರಿ ಹಿಂದಕ್ಕೆ ಸರಿದು ಕೆಳಗಿನ ಓಣಿಗೆ ಹೊರಳಿತು. ಕಲ್ಲುಪುಡಿ ಹಾರಿ, ಕೆಸರು ಚಿಮ್ಮಿ, ಕೊನೆಗೆ ನೀರು ಬಂತು. ನನ್ನನ್ನು ಅದರ ಮೇಲೆ ನಿಲ್ಲಿಸಿ, ಕಾಲಿನ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿದರು.

ಆ ಸೀಮೆಯಲ್ಲಿ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವ ಕ್ರಮವೇ ಬೇರೆ. ತೊಗರಿಬೇಳೆ ಒಲೆಯ ಮೇಲಿಟ್ಟು ನೋಡುತ್ತಾರೆ. ಬೇಳೆ ಕರಗಿದರೆ ಅದು ಸೀ ನೀರು, ಕರಗದೆ ಕಾಳುಕಾಳಾಗಿ ಉಳಿದರೆ ಸವಳು. ಫಕೀರವ್ವ ನನ್ನ ಮೊದಲ ಕೊಡದ ನೀರಿನಲ್ಲಿ ಬೇಳೆ ಕುದಿಸಿ, ಪಾತ್ರೆಯನ್ನು ಓಣಿಯ ತುಂಬ ಹೊತ್ತು ತಿರುಗಿದಳು. ಪ್ರತಿ ಮನೆಯವರ ಅಂಗೈಗೆ ಒಂದೊಂದು ಚಮಚೆ ಹಾಕಿದಳು. ಬೆಣ್ಣೆಯ ಹಾಗೆ ಬೆಂದಿತ್ತಂತೆ. ಅಂದಿನಿಂದ ನಾನು ಫಕೀರವ್ವನ ಬೋರಿಂಗ್.

ಅಕ್ಕನ ಹಣೆಬರಹ ಚೆನ್ನಾಗಿರಲಿಲ್ಲ. ಮೇಲಿನ ಓಣಿಯಲ್ಲಿ ಬಂದದ್ದು ಗಡಸು ನೀರು. ಬೇಳೆ ಬೇಯದು, ಸಾಬೂನು ನೊರೆಯಾಗದು, ಕೊಡದ ಒಳಗೆ ಸುಣ್ಣದ ಪೊರೆ. ಅಲ್ಲಿಯವರು ಕುಡಿಯಲು, ಬಟ್ಟೆಗೆ, ದನಕ್ಕೆ ಎಂದು ಅಕ್ಕನನ್ನು ಬಳಸಿ, ಬೇಳೆ ಬೇಯಿಸಲು ಮಾತ್ರ ನನ್ನ ಹತ್ತಿರ ಬರುತ್ತಿದ್ದರು. ಫಕೀರವ್ವ ಅವರನ್ನು ಎಂದೂ ಕಾಯಿಸಲಿಲ್ಲ. “ದೂರದಿಂದ ಬಂದಾರ, ಬಿಡ್ರಿ,” ಎಂದು ತನ್ನ ಕೊಡವನ್ನೇ ಪಕ್ಕಕ್ಕೆ ಸರಿಸುತ್ತಿದ್ದಳು. ಆ ಓಣಿಯಲ್ಲಿ ಯಾರಾದರೂ ಬಾಣಂತಿಯಾದರೆ ತಾನೇ ಒಂದು ಕೊಡ ಹೊತ್ತು ಮುಟ್ಟಿಸಿ ಬರುತ್ತಿದ್ದಳು.

ಬೇರೆ ವಸ್ತುಗಳು ಮನೆಯಿಂದ ಮನೆಗೆ ಕೈ ಬದಲಿಸುತ್ತವೆ. ನಾನು ನಿಂತಲ್ಲೇ ನಿಂತು ಸಾವಿರ ಕೈಗಳನ್ನು ಕಂಡೆ. ಮುಖ ನೋಡುವ ಅಗತ್ಯವೇ ಇರಲಿಲ್ಲ. ಮದುಮಗಳ ಮೆಹಂದಿಯ ಕೈ, ಗಂಡನ ಜೊತೆ ಜಗಳವಾಡಿ ಬಂದವಳ ಕೈ, ಹಿಡಿ ಎಟುಕದೆ ಜೋತಾಡುವ ಮಕ್ಕಳ ಕೈ. ಚಳಿಗಾಲದ ಬೆಳಿಗ್ಗೆ ಕಬ್ಬಿಣ ಕೊರೆಯುತ್ತದೆಂದು ಫಕೀರವ್ವ ನನ್ನ ಹಿಡಿಗೆ ಹಳೆಯ ಸೀರೆಯ ಚೂರು ಸುತ್ತುತ್ತಿದ್ದಳು. ಕೀಲು ಕಿರುಗುಟ್ಟಿದರೆ ತಲೆಗೆ ಹಚ್ಚುವ ಎಣ್ಣೆಯಲ್ಲಿ ಎರಡು ಹನಿ ನನಗೆ. ನಾನು ಯಾರಿಗೂ ಇಲ್ಲವೆನ್ನಲಿಲ್ಲ. ಕೈ ಚಾಚಿದವರಿಗೆಲ್ಲ ಕೈ ಕೊಟ್ಟೆ.

ವರುಷಗಳು ಕಳೆದವು. ಕೆಳಗಿನ ಓಣಿಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತಿದ್ದವು. ಜನ ಅದನ್ನು ಬೇನೆ ಎಂದುಕೊಳ್ಳಲಿಲ್ಲ, ಗುರುತು ಎಂದುಕೊಂಡರು. ಸಂತೆಯಲ್ಲಿ ಯಾರಾದರೂ ನಕ್ಕರೆ, “ನೀವು ಜಾಲಿಕೊಪ್ಪದವರೇನು?” ಎಂದು ಕೇಳುತ್ತಿದ್ದರಂತೆ. ಫಕೀರವ್ವನ ಮೊಣಕಾಲು ಬೇಗನೆ ಬಿಗಿಯಿತು, ಬೆನ್ನು ಬಾಗಿತು. ಊರವರ ಕೊಡವನ್ನೆಲ್ಲ ಹೊತ್ತರೆ ಇನ್ನೇನಾಗುತ್ತದೆ ಎಂದು ಜನ ಮರುಗಿದರು.

ಆಕೆಯ ಸೊಸೆ ಶಿವಲೀಲಾ ತುಂಗಭದ್ರೆಯ ದಂಡೆಯ ಊರಿನವಳು. ಹಲ್ಲು ಬಿಳಿಜೋಳದ ಕಾಳಿನಂಥವು. ಆಕೆಯ ಹಿರಿಯ ಮಗಳು ಸುವರ್ಣಾಳಿಗೆ ಹಾಲುಹಲ್ಲು ಬಿದ್ದು ಹೊಸವು ಹುಟ್ಟಿದಾಗ ಅವು ಓಣಿಯ ಬೇರೆ ಮಕ್ಕಳದ್ದಕ್ಕಿಂತಲೂ ಕಂದಾದವು. ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಳು. ಎಂಥವರ ಮೇಲೂ ಸಿಟ್ಟಾಗದ ಫಕೀರವ್ವ ಸೊಸೆಯ ಮೇಲೆ ಮಾತ್ರ ಹರಿಹಾಯುತ್ತಿದ್ದಳು.

“ಬಸರಿದ್ದಾಗ ಒಲಿಮಣ್ಣು ಕೆರಕೊಂಡ ತಿಂದಿ. ಅದರ ಬಣ್ಣನ ಕೂಸಿನ ಹಲ್ಲಿಗೆ ಇಳದೈತಿ.”

“ನಾ ಎಲ್ಲಿ ತಿಂದೆ ಅತ್ತಿ.”

“ನೋಡಾಕ ನಾ ಏನ ನಿನ್ನ ಬಾಯಾಗ ಕುಂತಿದ್ದೆನೇನ.”

ಈ ಮಾತು ನನ್ನ ಕಟ್ಟೆಯ ಮೇಲೆಯೇ ಎಷ್ಟೋ ಸಲ ನಡೆಯಿತು. ಶಿವಲೀಲಾ ನನ್ನ ಹಿಡಿಯನ್ನು ಇನ್ನೂ ಜೋರಾಗಿ ಒತ್ತುತ್ತಿದ್ದಳು. ಆಕೆಗೆ ಎರಡನೆಯ ಮಗು ಹುಟ್ಟಿತು, ಪೂರ್ಣಿ ಎಂದು ಹೆಸರಿಟ್ಟರು. ಕೂಸಿಗೆ ಗಂಜಿ ಕುಡಿಸುವ ಕಾಲ ಹತ್ತಿರ ಬರುತ್ತಿತ್ತು. ಅದಕ್ಕೆಂದು ಫಕೀರವ್ವ ನನ್ನ ನೀರು ಸೋಸಿಡಲು ಹೊಸ ಗಡಿಗೆ ತಂದಿಟ್ಟಿದ್ದಳು.

ಅಂಥ ಒಂದು ದಿನ ಪಟ್ಟಣದ ಕಾಲೇಜಿನಿಂದ ಶಾಹಿದಾ ಮೇಡಂ ಬಂದರು. ಅವರು ರಸಾಯನಶಾಸ್ತ್ರ ಕಲಿಸುವವರು. ಊರಿನ ಹೆಂಗಸರೇ ಒಂದು ಗುಂಪು ಕಟ್ಟಿಕೊಂಡು, ಕಾಲಕಾಲಕ್ಕೆ ತಮ್ಮ ನೀರನ್ನು ತಾವೇ ಪರೀಕ್ಷೆ ಮಾಡಿಕೊಳ್ಳಲಿ ಎಂಬುದು ಅವರ ಆಸೆ. ಎಲ್ಲರೂ ನನ್ನ ಕಟ್ಟೆಯ ಸುತ್ತ ಕುಳಿತರು. ಇದಕ್ಕೆ ಸಂಬಳವಿಲ್ಲ, ಸ್ವಂತ ಇಷ್ಟದಿಂದ ಮಾಡುವ ಕೆಲಸ ಎಂದು ಮೇಡಂ ಮೊದಲೇ ತಿಳಿಸಿದರು.

“ಪಗಾರ ಇಲ್ಲದ ನೌಕರಿ ಅಂದ್ರ ಸೊಸಿ ಕೆಲಸ ಇದ್ದಂಗ ಆತು,” ಎಂದಳು ಫಕೀರವ್ವ. ಹೆಂಗಸರು ನಕ್ಕರು. ಶಿವಲೀಲಾ ಮಾತ್ರ ನಗಲಿಲ್ಲ.

“ಕೆಲಸ ಶುರು ಮಾಡುವ ಮೊದಲು ನಿಮಗೇನು ಬೇಕು ಅಂತ ತಿಳಿಯಬೇಕು,” ಎಂದರು ಮೇಡಂ. “ಯಾವ ನೀರಿನಿಂದ ನಿಮಗೆ ತೊಂದರೆ ಇದೆ, ಹೇಳಿ.”

ಎಲ್ಲರ ಬೆರಳೂ ಮೇಲಿನ ಓಣಿಯ ಕಡೆಗೆ ಹೋಯಿತು. ಅಲ್ಲಿಯ ಯಮನೂರಪ್ಪ ಎದ್ದು ನಿಂತ. ಕಿರಾಣಿ ಅಂಗಡಿಯವನು, ಮಾತುಗಾರ.

“ನಮ್ಮ ಬೋರಿಂಗ್ ನೋಡ್ರಿ ಮೇಡಂ. ಚಾ ಮಾಡಿದ್ರ ಹಾಲು ಒಡೀತೈತಿ. ಬ್ಯಾಳಿ ಇಟ್ಟು ಹೊಲಕ್ಕ ಹೋಗಿ ಬಂದ್ರೂ ಹಂಗ ಕುಂತಿರತಾವ, ನಮ್ಮನ್ನ ನೋಡಿ ನಕ್ಕಂಗ. ಇಲ್ಲೆ ಫಕೀರವ್ವ ಚಿಗವ್ವನ ಬೋರಿಂಗ್ ನೀರಾಗ ಕಲ್ಲು ಹಾಕಿದ್ರೂ ಕುದೀತೈತಿ.”

ಹಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ, ಮೊಣಕಾಲಿನ ಬಗ್ಗೆಯೂ. ಅವು ನೀರಿನ ತೊಂದರೆಗಳೆಂದು ಯಾರ ಮನಸ್ಸಿಗೂ ಬರಲಿಲ್ಲ. ಹಾಗಾಗಿ ಪರೀಕ್ಷೆಯ ಕಲಿಕೆ ಅಕ್ಕನ ನೀರಿನಿಂದಲೇ ಶುರುವಾಗುವುದೆಂದಾಯಿತು. ಬಾಟಲಿಯಲ್ಲಿ ಆ ನೀರು ತಂದರು. ಮೇಡಂ ಗಾಜಿನ ನಳಿಕೆಗೆ ಅದನ್ನು ಸುರಿಯುವಾಗ ಫಕೀರವ್ವ ಮುಂದೆ ಬಂದಳು. ಆ ನಡಿಗೆಯ ಗತ್ತು ನನಗೆ ಇನ್ನೂ ನೆನಪಿದೆ.

“ಕೆಟ್ಟದ್ದೊಂದನ್ನ ಇಟ್ಟು ನೋಡಿದ್ರ ಹೆಂಗ ಗೊತ್ತಾಗತೈತ್ರಿ? ಬಾಜೂಕ ಛಲೋದೂ ಇಡ್ರಿ. ನಮ್ಮ ನೀರ ಇಡ್ರಿ.”

“ಒಳ್ಳೆಯ ಯೋಚನೆ,” ಎಂದರು ಮೇಡಂ. ಫಕೀರವ್ವ ತಾನೇ ನನ್ನನ್ನು ಒತ್ತಿ, ಎರಡನೆಯ ನಳಿಕೆಯನ್ನು ನನ್ನ ಬಾಯಿಯ ಕೆಳಗೆ ಹಿಡಿದಳು. ಈ ಸೀಮೆಯಲ್ಲಿ ಮೊದಲು ಮಾಡುವ ಪರೀಕ್ಷೆ ಇದೇ ಎನ್ನುತ್ತ ಮೇಡಂ ಎರಡಕ್ಕೂ ಕೆಂಪು ಔಷಧಿಯ ಹನಿ ಹಾಕಿದರು.

ಅಕ್ಕನ ನೀರು ನಸುಗೆಂಪಾಗಿಯೇ ನಿಂತಿತು. ನನ್ನದು ನೋಡುತ್ತಿದ್ದ ಹಾಗೆ ಹಳದಿಗೆ ತಿರುಗಿತು.

ಕೆಳಗಿನ ಓಣಿಯವರ ಮುಖ ಅರಳಿತು. “ಅರಿಷಿಣ ಆತು ನೋಡವಾ,” ಎಂದಳು ಒಬ್ಬ ಮುದುಕಿ. “ಲಕ್ಷ್ಮೀ ನೀರು ಅದು.” ಯಾರೋ ನನ್ನ ಕಡೆ ಕೈಮುಗಿದರು. ಫಕೀರವ್ವ ನಳಿಕೆಯನ್ನು ಬಿಸಿಲಿಗೆ ಎತ್ತಿ ಹಿಡಿದು ಸುತ್ತಲಿನವರಿಗೆ ತೋರಿಸಿದಳು. ಆ ಗಳಿಗೆಯಲ್ಲಿ ನಾನೂ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ.

ಮೇಡಂ ಮಾತ್ರ ನಳಿಕೆ ಅದಲುಬದಲಾಗಿರಬೇಕೆಂದು ಎರಡನ್ನೂ ತೊಳೆದು ಮತ್ತೆ ಮಾಡಿದರು. ಮತ್ತೆ ಹಳದಿ. ಫಕೀರವ್ವ ಅದನ್ನೂ ತೆಗೆದುಕೊಂಡು ಎತ್ತಿ ಹಿಡಿದಳು. ಅವರು ಸುತ್ತ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ತಂಗಿಯನ್ನು ಎತ್ತಿಕೊಂಡು, ಬಾಯಿಗೆ ಕೈ ಇಟ್ಟುಕೊಂಡಿದ್ದ ಸುವರ್ಣಾಳ ಮೇಲೆ ಅವರ ಕಣ್ಣು ನಿಂತಿತು.

“ನಾನು ಕೇಳಿದ್ದೇ ತಪ್ಪಾಯಿತು,” ಎಂದರು ಮೆಲ್ಲಗೆ. “ಯಾವ ನೀರಿನಿಂದ ತೊಂದರೆ ಎಂದು ಕೇಳಿದೆ. ನಿಮ್ಮ ಮಕ್ಕಳು ಯಾವ ನೀರು ಕುಡಿಯುತ್ತಾರೆ ಎಂದು ಕೇಳಬೇಕಿತ್ತು. ಹಳದಿ ಬಂದರೆ ಫ್ಲೋರೈಡ್ ಹೆಚ್ಚಿದೆ ಎಂದು ಅರ್ಥ, ಅವ್ವಾ. ಅದು ಮಣ್ಣಿನೊಳಗಿನ ಬಂಡೆಯಿಂದ ಬರುವುದು. ರುಚಿಯಿಲ್ಲ, ವಾಸನೆಯಿಲ್ಲ. ಎಳೆಯರ ಹಲ್ಲು ಕೆಡುತ್ತದೆ, ದೊಡ್ಡವರ ಮೂಳೆ ಬಿಗಿಯುತ್ತದೆ. ಬೇಳೆ ಬೇಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ.”

ಫಕೀರವ್ವ ನಳಿಕೆಯನ್ನು ಕೆಳಗಿಳಿಸಲಿಲ್ಲ. ಬಾಗಿದ ಬೆನ್ನಿನಲ್ಲಿ ಹಾಗೇ ನಿಂತಿದ್ದಳು. ಆಮೇಲೆ ಸುವರ್ಣಾಳ ಹತ್ತಿರ ಹೋಗಿ, ಆ ಹುಡುಗಿಯ ಕೈಯನ್ನು ಬಾಯಿಯಿಂದ ಮೆಲ್ಲಗೆ ಸರಿಸಿ ನೋಡಿದಳು. ದಿನವೂ ಕಂಡದ್ದನ್ನೇ ಹೊಸದಾಗಿ ಕಂಡಳು.

“ಕೈಕೊಟ್ಟಿತಲ್ಲ ಇದು,” ಎಂದಳು ನನ್ನ ಕಡೆ ತಿರುಗಿ. “ಹೆತ್ತ ಮಗಳಂಗ ನೋಡಿದ್ದೆ. ಬಾಣಂತೇರಿಗೆ ಹೊತ್ತು ಕೊಟ್ಟು ಬಂದೆ ನಾನು. ಕೈಕೊಟ್ಟಿತು.”

ಹುಟ್ಟಿದಂದಿನಿಂದ ನಾನು ಮಾಡಿದ್ದು ಕೈ ಕೊಡುವ ಕೆಲಸ ಒಂದೇ. ಆ ಮಾತಿಗೆ ದ್ರೋಹವೆಂಬ ಅರ್ಥವೂ ಇದೆಯೆಂದು ಅಂದು ತಿಳಿಯಿತು.

ಯಮನೂರಪ್ಪ ಚುಚ್ಚಿ ಏನಾದರೂ ಹೇಳಿಯಾನೆಂದು ಕಾದೆ. ಅವನು ಹೇಳಿದ್ದು ಇಷ್ಟೇ: “ಚಿಗವ್ವ, ನಾಳಿಂದ ನಮ್ಮ ಓಣಿಗೆ ಬಾ. ಪಾಳಿ ಹಚ್ಚಬ್ಯಾಡ.” ಆ ಒಳ್ಳೆಯ ಮಾತಿಗೆ ಫಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆ ಸಂಜೆ ಶಿವಲೀಲಾ ಕೂಸನ್ನು ಸೊಂಟಕ್ಕೇರಿಸಿ, ಬಟ್ಟೆಯ ಗಂಟು ಹಿಡಿದು ಹೊರಬಂದಳು. ಹಿಂದೆಯೇ ಅತ್ತೆ. ನನ್ನ ಕಟ್ಟೆಯ ಹತ್ತಿರ ಅಡ್ಡಗಟ್ಟಿದಳು.

“ಎಲ್ಲಿಗೆ?”

“ತವರಿಗೆ ಹೊಕ್ಕೀನಿ. ಇಕಿಗೆ ಎರಡನೇ ಹಲ್ಲು ಹುಟ್ಟೂತನ ಅಲ್ಲೇ ಇರತೀನಿ. ಒಬ್ಬಾಕಿದು ಕೆಟ್ಟಿದ್ದು ಸಾಕು. ಮಣ್ಣು ತಿಂದಿ, ಮಣ್ಣು ತಿಂದಿ ಅಂತ ಊರ ಮುಂದೆಲ್ಲಾ ಹೇಳಿದ್ರಿ ಅತ್ತಿ. ನೀವು ಕೊಟ್ಟ ನೀರಲ್ಲದ ನಾ ಬ್ಯಾರೆ ಏನೂ ತಿಂದಿರಲಿಲ್ಲ.”

“ಅಂದದ್ದು ಅಂದೆ,” ಎಂದಳು ಫಕೀರವ್ವ. “ತಿರುಗಿ ನುಂಗಾಕ ಬರಂಗಿಲ್ಲ. ಆದ್ರ ನೀ ಹೋಗಬ್ಯಾಡ. ಕೂಸಿಗೆ ಮ್ಯಾಲಿನ ಓಣಿ ನೀರ ನಾನ ತರತೀನಿ. ಒಂದ ಹನಿ ಇದರದ್ದು ಬಾಯಿಗೆ ಬಿದ್ರ ಆವತ್ತು ಹೋಗು.”

“ನಿಮ್ಮ ಮೊಣಕಾಲಾಗ ಆಗತೈತೇನ?”

“ಇದರ ನೀರು ಹೊರಾಕ ಆಗತಿತ್ತಲ್ಲ.”

ಶಿವಲೀಲಾ ಗಂಟನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ಅದನ್ನು ಅತ್ತೆಯೇ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನದಿಂದ ಫಕೀರವ್ವ ಕೊಡ ಹೊತ್ತು ನನ್ನ ಮುಂದೆಯೇ ಹಾದುಹೋಗತೊಡಗಿದಳು. ನನ್ನ ಕಡೆ ನೋಡುತ್ತಿರಲಿಲ್ಲ. ಮೇಡಂ ಕಡೆಯವರು ಬಂದು, ಕುಡಿಯಬಾರದೆಂಬ ಗುರುತಿಗೆ ನನ್ನ ಬಾಯಿಗೆ ಕೆಂಪು ಬಣ್ಣ ಬಳಿದು ಹೋದರು. ಆದರೂ ಬೇಳೆಯ ಆಸೆಗೆ ಒಬ್ಬಿಬ್ಬರು ಕತ್ತಲಾಗುವ ಹೊತ್ತಿಗೆ ಕದ್ದು ಬರುತ್ತಿದ್ದರು. ಅದನ್ನು ಕಂಡ ಫಕೀರವ್ವ ಪಂಚಾಯಿತಿಗೆ ಹೋಗಿ, ರಿಪೇರಿಯವನನ್ನು ಕರೆತಂದು, ತಾನೇ ಎದುರಿಗೆ ನಿಂತು ನನ್ನ ಕೈಯನ್ನು ಬಿಚ್ಚಿಸಿದಳು. ನಟ್ಟು ತುಕ್ಕು ಹಿಡಿದು ಜಗ್ಗಲಿಲ್ಲ. ಆಕೆ ಮನೆಯೊಳಗಿಂದ ಎಣ್ಣೆ ತಂದು ಹನಿಸಿದಳು. ನನ್ನನ್ನು ಆಕೆ ಮುಟ್ಟಿದ್ದು ಅದೇ ಕೊನೆ. ಕೊಳವೆಗಳನ್ನು ಎಳೆದು ಬೇರೆ ಊರಿಗೆ ಒಯ್ದರು. ಕಟ್ಟೆಯ ಮೇಲೆ ನನ್ನ ತಲೆ, ಬಾಯಿ ಮಾತ್ರ ಉಳಿದವು.

ಮೇಡಂ ಕಟ್ಟಿದ ಗುಂಪಿನಲ್ಲಿ ಮೊದಲು ತನ್ನ ಹೆಸರು ಬರೆಸಿದವಳು ಶಿವಲೀಲಾ. ಈಗ ಆಕೆ ಸುತ್ತಲಿನ ಹಳ್ಳಿಗಳಿಗೂ ಹೋಗಿ ನಳಿಕೆ ಹಿಡಿಯುತ್ತಾಳಂತೆ. ಅಕ್ಕನ ಮುಂದೆ ಈಗ ಎರಡೂ ಓಣಿಯ ಕೊಡಗಳ ಸಾಲು. ಬೇಳೆಯನ್ನು ಜನ ಹಿಂದಿನ ದಿನವೇ ನೆನೆಹಾಕುತ್ತಾರೆ. ನನ್ನ ಸುತ್ತ ಉತ್ತರಾಣಿ ಬೆಳೆದಿದೆ, ತುಕ್ಕು ಹೊಟ್ಟೆಯವರೆಗೆ ಇಳಿದಿದೆ.

ಮೊನ್ನೆ ಫಕೀರವ್ವ ಬಂದಳು. ಕೋಲೂರಿಕೊಂಡು ಬರುವ ವಯಸ್ಸು ಈಗ ಆಕೆಗೆ. ಜೊತೆಗೆ ಪೂರ್ಣಿ. ಹಾಲುಹಲ್ಲು ಬಿದ್ದು ಮುಂದಿನವು ಆಗಷ್ಟೇ ಪೂರ್ತಿ ಹುಟ್ಟಿದ್ದವು. ಮುದುಕಿ ನನ್ನೆದುರು ನಿಂತು ಮೊಮ್ಮಗಳ ಗದ್ದ ಹಿಡಿದು ಎತ್ತಿದಳು.

“ಬಾಯಿ ತಗಿ. ತೋರಸು ಇದಕ್ಕ.”

“ಯಾರಿಗೆ ಯವ್ವಾ? ಇಲ್ಲಿ ಯಾರೂ ಇಲ್ಲಲ್ಲ.”

“ತೋರಸು.”

ಮಗು ಬಾಯಿ ಅಗಲಿಸಿತು. ಹಾಲಿನ ಕೆನೆಯಂಥ ಹಲ್ಲು, ಎಲ್ಲಿಯೂ ಗೆರೆಯಿಲ್ಲ. “ನೋಡಕೋ,” ಎಂದಳು ಫಕೀರವ್ವ ನನಗೆ. “ಒಂದಕ್ಕೂ ನಿನ್ನ ಕೈ ತಾಗಿಲ್ಲ.”

ಅಷ್ಟು ಹೇಳಿ ಮಗುವಿನ ಹೆಗಲು ಹಿಡಿದು ಹೊರಟುಹೋದಳು.

ನೋಡಿದೆ. ಇಷ್ಟು ಚೆಂದದ ಹಲ್ಲು ಈ ಓಣಿಯಲ್ಲಿ ಹುಟ್ಟಿದವರ ಬಾಯಲ್ಲಿ ನಾನು ಕಂಡಿರಲಿಲ್ಲ, ಕಂಡು ಸಂತೋಷವಾಯಿತು. ಆಕೆಗಾದ ದ್ರೋಹ ದೊಡ್ಡದು, ಒಪ್ಪುತ್ತೇನೆ. ಬೈಯಲು ಆಕೆಗೆ ನಾನಾದರೂ ಇದ್ದೇನೆ. ಕೆಳಗಿನ ಬಂಡೆ ಕೊಟ್ಟದ್ದನ್ನು ನಂಬಿ, ತಂಪಾಗಿದೆಯೆಂದು, ತಿಳಿಯಾಗಿದೆಯೆಂದು, ಅಷ್ಟು ವರುಷ ಮೇಲೆತ್ತಿ ಕೊಟ್ಟವಳು ನಾನು. ನನಗೂ ಕೈಕೊಟ್ಟಿತೆಂದು ನಾನು ಯಾರ ಮುಂದೆ ಹೋಗಿ ನಿಲ್ಲಲಿ?